ಮದ್ದು ಬದಲಿಸಿದ ಪ್ರಸಂಗ

ಕಳೆದ ಬಸವ ಜಯಂತಿಯಂದು ಸಂಜಯನಗರದ ನಮ್ಮ ಬಡಾವಣೆಯ ಸಮಾರಂಭ ಮುಗಿದು ಜನ ಪ್ರಸಾದದ ಪಂಕ್ತಿಗೆ ಏಳುತ್ತಿದ್ದ ಹೊತ್ತು. ಪರಿಚಯದ ಮನೆತನವೊಂದರ ಸೊಸೆ ಬಳಿಗೆ ಬಂದು, ಶರಣು ಮಾಡಿ, ದನಿ ತಗ್ಗಿಸಿ ಕೇಳಿದಳು: "ಮೇಷ್ಟ್ರೇ, ನಮ್ಮ ಹುಡುಗನ ಚರ್ಮದ ಕಾಯಿಲೆಗೆ ಎರಡು ವರ್ಷದಿಂದ ಕೊಡಿಸುತ್ತಿದ್ದ ಇಂಜೆಕ್ಷನ್ ಈಗ ಹಿಡೀತಾ ಇಲ್ಲ. ಬೇರೆಯದಕ್ಕೆ ಬದಲಾಯಿಸೋಣ ಅಂತಾರೆ ಡಾಕ್ಟರು. ನಿಮ್ಮ ಮನೆಯಲ್ಲೂ ಹೀಗೇ ಆಗಿತ್ತಂತಲ್ಲ, ನೀವೇನು ಮಾಡಿದಿರಿ?"

ಆ ಗದ್ದಲದಲ್ಲಿ "ಡಾಕ್ಟರು ಹೇಳಿದಂತೆ ನಡೆಯಮ್ಮ" ಎಂದಷ್ಟೇ ನುಡಿದು ಜಾರಿಕೊಂಡೆ. ಜಾರಿಕೊಂಡದ್ದು ಸಂಕೋಚದಿಂದ. ಆ ಪ್ರಶ್ನೆಗೆ ಪೂರ್ಣವಾದ ಉತ್ತರ ಕೊಡಬೇಕಾದರೆ ನನ್ನದೇ ಒಂದು ಅವಿವೇಕವನ್ನು ಮೊದಲು ಒಪ್ಪಿಕೊಳ್ಳಬೇಕಾಗಿತ್ತು. ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ಕುಳಿತು ಬರೆಯುವುದು ಸುಲಭವೆಂದು ತೋರಿ ಈ ಲೇಖನಕ್ಕೆ ತೊಡಗಿದ್ದೇನೆ. ಮನೆಯ ಮಗುವಿನ ದೇಹಸ್ಥಿತಿಯನ್ನು ಪತ್ರಿಕೆಗೆ ತರುವುದು ಉಚಿತವೇ ಎಂಬ ಶಂಕೆ ಇದ್ದುದರಿಂದ ಮೊಮ್ಮಗಳನ್ನೇ ಕೇಳಿದೆ. "ನನ್ನ ಹೆಸರು ಹಾಕಬೇಡ ಅಜ್ಜ, ನಿನ್ನ ತಪ್ಪು ಮಾತ್ರ ಬಿಡಬೇಡ" ಎಂದಳು. ಎರಡು ಷರತ್ತುಗಳನ್ನೂ ಪಾಲಿಸುತ್ತೇನೆ. ನಾನು ವೈದ್ಯನಲ್ಲ, ಮಠದಲ್ಲಿ ಸಂಸ್ಕೃತ ಕನ್ನಡಗಳನ್ನು ಕಲಿತು, ಅವನ್ನೇ ಕಲಿಸಿ ನಿವೃತ್ತನಾದವನು. ಇಲ್ಲಿರುವ ವೈದ್ಯವಿಚಾರವೆಲ್ಲ ಮಗುವನ್ನು ನೋಡುವ ಚರ್ಮವೈದ್ಯೆಯವರಿಂದ ಕೇಳಿ, ಅನಂತರ ಓದಿ ತಿಳಿದುಕೊಂಡದ್ದು.

ಅವಳಿಗೆ ಈ ರೋಗ ಕಾಣಿಸಿಕೊಂಡದ್ದು 2016ರ ಮಳೆಗಾಲದಲ್ಲಿ, ಆರು ವರ್ಷದವಳಿದ್ದಾಗ. ಗಂಟಲುನೋವು ಜ್ವರಗಳು ಬಂದು ಹೋಗಿ ಎರಡು ಮೂರು ವಾರಗಳಾಗಿದ್ದವು. ಬೆನ್ನು ಹೊಟ್ಟೆಗಳ ಮೇಲೆ ನೀರು ಸಿಡಿದಂತೆ ಸಣ್ಣ ಸಣ್ಣ ಕೆಂಪು ಮಚ್ಚೆಗಳು ಎದ್ದವು. ಬೆವರುಸಾಲೆ ಎಂದು ಉಪೇಕ್ಷಿಸಿದೆವು. ದಸರೆಯ ವೇಳೆಗೆ ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ದಪ್ಪನೆಯ ಪಟ್ಟೆಗಳೇ ಕಟ್ಟಿ, ಅವುಗಳ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು ಏಳತೊಡಗಿತು. ತಲೆ ಬಾಚಿದರೆ ಸೊಸೆಯ ಮಡಿಲ ತುಂಬ ಹೊಟ್ಟು. ವೈದ್ಯೆ ನೋಡಿದ ಕೂಡಲೇ ಸೋರಿಯಾಸಿಸ್ ಎಂದರು. ಗಂಟಲಿನ ಸೋಂಕು ಮಕ್ಕಳಲ್ಲಿ ಈ ರೋಗವನ್ನು ಕೆರಳಿಸುವುದು ಸಾಮಾನ್ಯವಂತೆ. ದೇಹವನ್ನು ಕಾಯಬೇಕಾದ ರಕ್ಷಣಾ ಕಣಗಳು ತಪ್ಪು ತಿಳಿದು ಚರ್ಮವನ್ನೇ ಉದ್ರೇಕಿಸುತ್ತವೆ. ಆರೋಗ್ಯವಂತರಲ್ಲಿ ಚರ್ಮದ ಹೊರಪದರ ಹುಟ್ಟಿ ಉದುರಲು ಸುಮಾರು ಒಂದು ತಿಂಗಳು ಹಿಡಿದರೆ ಇವರಲ್ಲಿ ಕೆಲವೇ ದಿನಗಳು ಸಾಕು. "ಇದು ಅಂಟುರೋಗವಲ್ಲ. ಇದನ್ನು ಮನೆಯವರಿಗೆಲ್ಲ ನೀವೇ ಹೇಳಬೇಕು ಮೇಷ್ಟ್ರೇ, ನನ್ನ ಮಾತಿಗಿಂತ ನಿಮ್ಮ ಮಾತು ನಡೆಯುತ್ತದೆ" ಎಂದು ವೈದ್ಯೆ ನನ್ನ ಕಡೆ ತಿರುಗಿ ಹೇಳಿದರು.

ಆ ಮಾತು ಕೇಳಿದಾಗ ನನ್ನ ಮನಸ್ಸು ಹೋದದ್ದು ಐವತ್ತು ವರ್ಷಗಳ ಹಿಂದಕ್ಕೆ. ನಾನು ಓದುತ್ತಿದ್ದ ಮಠದ ಪ್ರಸಾದನಿಲಯದಲ್ಲಿ ನನಗಿಂತ ಎರಡು ವರ್ಷ ಹಿರಿಯನಾದ ಹುಡುಗನೊಬ್ಬನಿದ್ದ. ಅವನ ಮೊಣಕೈಗಳಲ್ಲಿ ಇದೇ ಬಗೆಯ ಹೊಟ್ಟು. ಪಂಕ್ತಿಯಲ್ಲಿ ಅವನು ಕೊನೆಗೆ ಕೂರುತ್ತಿದ್ದ. ಹಿರಿಯರು ಯಾರೂ ಹಾಗೆ ಆಜ್ಞೆ ಮಾಡಿರಲಿಲ್ಲ. ಹುಡುಗರಾದ ನಾವೇ ಒಂದು ಮಾರು ಜಾಗ ಬಿಟ್ಟು ಬಿಟ್ಟು ಅವನನ್ನು ಕೊನೆಗೆ ತಳ್ಳಿದ್ದೆವು. ಮಲಗುವಾಗ ನನ್ನ ಚಾಪೆ ಅವನ ಚಾಪೆಯ ಪಕ್ಕದಲ್ಲಿತ್ತು. ಒಂದು ರಾತ್ರಿ ನಾನು ಸದ್ದಿಲ್ಲದೆ ಅದನ್ನು ಸುತ್ತಿಕೊಂಡು ಕಂಬದ ಆಚೆಗೆ ಹಾಸಿಕೊಂಡೆ. ಅವನು ಎಚ್ಚರವಾಗಿದ್ದ, ನೋಡಿದ, ಏನೂ ಹೇಳಲಿಲ್ಲ. ಆ ಬೇಸಿಗೆಯ ರಜೆಗೆ ಊರಿಗೆ ಹೋದವನು ಮರಳಿ ಬರಲಿಲ್ಲ. ಮುಂದೆ ಸಂಸ್ಕೃತ ವ್ಯಾಸಂಗದಲ್ಲಿ ಆಯುರ್ವೇದದ ಗ್ರಂಥಗಳನ್ನು ನೋಡುವಾಗ, ಕುಷ್ಠವೆಂಬ ಒಂದೇ ಹೆಸರಿನಡಿ ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು ಎಂದು ಹದಿನೆಂಟು ಬಗೆಗಳನ್ನು ಎಣಿಸಿರುವುದೂ, ಅವುಗಳಲ್ಲಿ ಮೀನಿನ ಹುರುಪೆಯಂಥ ಚರ್ಮವುಳ್ಳ ಏಕಕುಷ್ಠವನ್ನು ಈಗಿನ ವಿದ್ವಾಂಸರು ಸೋರಿಯಾಸಿಸ್ಸಿಗೆ ಹೋಲಿಸುವುದೂ ತಿಳಿಯಿತು. ಶಾಸ್ತ್ರಕಾರರು ವಿಂಗಡಿಸಿದ್ದನ್ನು ಲೋಕ ಒಂದೇ ಭಯದ ಹೆಸರಿನಲ್ಲಿ ಕಟ್ಟಿಹಾಕಿತು. ಯುರೋಪಿನಲ್ಲೂ ಇದೇ ಗತಿ. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಎಂಬ ವೈದ್ಯ ಇದು ಕುಷ್ಠವಲ್ಲವೆಂದು ಸ್ಪಷ್ಟಪಡಿಸುವವರೆಗೆ ಅಲ್ಲಿಯೂ ಎರಡನ್ನೂ ಬೆರೆಸುತ್ತಿದ್ದರು. ಜಗತ್ತಿನ ಆರೋಗ್ಯ ಸಭೆ ಸೋರಿಯಾಸಿಸ್ ಅಂಟುರೋಗವಲ್ಲವೆಂದು ಒತ್ತಿ ಹೇಳುವ ನಿರ್ಣಯ ಕೈಗೊಂಡದ್ದು 2014ರಲ್ಲಿ. ನನ್ನ ಚಾಪೆಯ ಕಥೆಯನ್ನು ಮೊಮ್ಮಗಳಿಗೆ ಹೇಳಲು ನನಗೆ ಧೈರ್ಯ ಬಂದದ್ದು ಇತ್ತೀಚೆಗೆ.

ಮನೆಯಲ್ಲಿ ಮೊದಲು ತಲೆದೋರಿದ ಪ್ರಶ್ನೆ ಶಿವದಾರದ್ದು. ಚರ್ಮಕ್ಕೆ ಎಲ್ಲಿ ಉಜ್ಜುವಿಕೆ, ಗೀರು, ಗಾಯ ಆಗುತ್ತದೆಯೋ ಅಲ್ಲೇ ಹೊಸ ಪಟ್ಟೆ ಏಳುವುದು ಈ ರೋಗದ ಸ್ವಭಾವ. ಕೊರಳ ಹಿಂಬದಿಯಲ್ಲಿ ದಾರ ಉಜ್ಜಿದಲ್ಲೆಲ್ಲ ಗೆರೆ ಎಳೆದಂತೆ ಹೊಟ್ಟು ಕಟ್ಟಿತ್ತು. ದಾರ ತೆಗೆಯುವುದೆಂದರೆ ನನ್ನ ಧರ್ಮಪತ್ನಿಗೆ ಎದೆ ನಡುಗಿತು. ಮೆತ್ತನೆಯ ಹತ್ತಿಯ ದಾರಕ್ಕೆ ಬದಲಾಯಿಸಿ, ಅಂಗಿಯ ಮೇಲೆ ಬರುವಂತೆ ಧರಿಸಲಿ, ಗಾಯವಿದ್ದ ದಿನಗಳಲ್ಲಿ ಪೂಜೆಯ ಹೊತ್ತಿಗೆ ಕೈಯಲ್ಲಿ ಹಿಡಿದರೆ ಸಾಕು, ಬಿರಿದ ಚರ್ಮದ ಮೇಲೆ ವಿಭೂತಿ ಬೇಡ, ಹಣೆಗೆ ಮಾತ್ರ ಇರಲಿ ಎಂದು ನಾನು ಹೇಳಿದೆ. ಅಷ್ಟು ಹೇಳಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ನನಗೆ ತಿಳಿದ ವಿಷಯದಲ್ಲಿ ಹೀಗೆ ತಟ್ಟನೆ ತೀರ್ಪು ಕೊಟ್ಟು ಅದು ಸರಿಹೋದದ್ದೇ, ತಿಳಿಯದ ವಿಷಯದಲ್ಲೂ ತೀರ್ಪು ಕೊಡುವ ಚಪಲಕ್ಕೆ ಕಾರಣವಾಯಿತೇನೋ ಎಂದು ಈಗ ಅನ್ನಿಸುತ್ತದೆ.

ಮೊದಲ ಎರಡು ವರ್ಷ ಮುಲಾಮುಗಳಲ್ಲಿ ಕಳೆದವು. ಅನಂತರ ನೇರಳಾತೀತ ಬೆಳಕಿನ ಚಿಕಿತ್ಸೆ; ವಾರಕ್ಕೆ ಮೂರು ಸಲ, ಕಪ್ಪು ಕನ್ನಡಕ ಹಾಕಿಕೊಂಡು ಮಗು ಆ ಪೆಟ್ಟಿಗೆಯೊಳಗೆ ನಿಲ್ಲಬೇಕು. ಹೆಬ್ಬಾಳದ ವಾಹನ ಸಂದಣಿಯಲ್ಲಿ ಹೋಗಿ ಬರುವಷ್ಟರಲ್ಲಿ ಶಾಲೆಯ ಅರ್ಧ ದಿನ ಮುಗಿದಿರುತ್ತಿತ್ತು. ಅದನ್ನು ಬಿಟ್ಟು ಮೆಥೋಟ್ರೆಕ್ಸೇಟ್ ಮಾತ್ರೆಗೆ ಬಂದೆವು. ಈ ಮಾತ್ರೆ ವಾರಕ್ಕೆ ಒಂದೇ ದಿನ, ಮರೆತೂ ಪ್ರತಿದಿನ ಕೊಡಬಾರದು, ಕೊಟ್ಟರೆ ಪ್ರಾಣಾಪಾಯ. ಪಂಚಾಂಗದಲ್ಲಿ ಭಾನುವಾರಗಳಿಗೆಲ್ಲ ಕೆಂಪು ಗುರುತು ಹಾಕಿಟ್ಟಿದ್ದೆ. ಈ ಮದ್ದನ್ನು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ರೂಪಿಸಿದ ತಂಡಕ್ಕೆ ನಾಯಕರಾಗಿದ್ದವರು ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಈ ಮದ್ದಿನ ಉಪದ್ರವ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆಮ್ಲದ ಕೃತಕ ತಯಾರಿಕೆಯೂ ಅದೇ ಪ್ರಯೋಗಾಲಯದಲ್ಲಿ ಅವರ ನೇತೃತ್ವದಲ್ಲೇ ಆದದ್ದು. ಇಷ್ಟೆಲ್ಲ ಹಿರಿಮೆಯಿದ್ದರೂ ನಮ್ಮ ಮಗುವಿಗೆ ಅದು ಒಗ್ಗಲಿಲ್ಲ. ಭಾನುವಾರ ರಾತ್ರಿ ವಾಂತಿ, ಸೋಮವಾರ ಶಾಲೆಗೆ ರಜೆ, ಪಟ್ಟೆಗಳು ಮಾತ್ರ ಇದ್ದಲ್ಲೇ ಇದ್ದವು.

ಆಗ ಬಯಾಲಜಿಕ್ ಎಂಬ ಮಾತು ಮೊದಲ ಬಾರಿಗೆ ನಮ್ಮ ಮನೆಗೆ ಬಂದಿತು. ಇದರ ಬಗೆಯನ್ನು ಹೀಗೆ ತಿಳಿಯಬಹುದು. ಚರ್ಮವನ್ನು ಕೆರಳಿಸುವ ಸಂದೇಶವನ್ನು ಹೊತ್ತು ದೇಹದೊಳಗೆ ತಿರುಗುವ ಕೆಲವು ದೂತರಿದ್ದಾರೆ. ಟಿಎನ್‌ಎಫ್, ಐಎಲ್-17, ಐಎಲ್-23 ಎಂಬಿವು ಅವುಗಳ ಹೆಸರು. ಒಂದೊಂದು ಬಯಾಲಜಿಕ್ ಮದ್ದು ಇವರಲ್ಲಿ ಒಬ್ಬನನ್ನು ಗುರುತಿಸಿ ಹಿಡಿದು ನಿಲ್ಲಿಸುತ್ತದೆ. ಹೀಗೆ ಒಂದನ್ನೇ ಗುರಿಯಾಗಿ ಹಿಡಿಯುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಲರ್ ಮತ್ತು ಮಿಲ್‌ಸ್ಟೀನ್ ಎಂಬಿಬ್ಬರು 1975ರಲ್ಲಿ ಕೇಂಬ್ರಿಜ್ಜಿನಲ್ಲಿ ಕಂಡುಹಿಡಿದು 1984ರಲ್ಲಿ ನೊಬೆಲ್ ಪಡೆದರು. ಇವು ಪ್ರೋಟೀನುಗಳಾದ್ದರಿಂದ ನುಂಗಿದರೆ ಜಠರದಲ್ಲಿ ಜೀರ್ಣವಾಗಿಬಿಡುತ್ತವೆ, ಚುಚ್ಚಿಯೇ ಕೊಡಬೇಕು. ಮಕ್ಕಳ ಮೇಲೆ ಇವುಗಳ ಪರೀಕ್ಷೆ ನಿಧಾನವಾಗಿ ನಡೆಯಿತು. ಎಟನರ್ಸೆಪ್ಟ್ ಎಂಬ ಮದ್ದನ್ನು 4ರಿಂದ 17 ವರ್ಷದ 211 ಮಕ್ಕಳಲ್ಲಿ ಪರೀಕ್ಷಿಸಿದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರಗಳಲ್ಲಿ ರೋಗ ಮುಕ್ಕಾಲು ಪಾಲು ಇಳಿದವರು ಮದ್ದು ಪಡೆದವರಲ್ಲಿ ನೂರಕ್ಕೆ 57, ಹುಸಿಮದ್ದು ಪಡೆದವರಲ್ಲಿ ನೂರಕ್ಕೆ 11. ಐಎಲ್-17ನ್ನು ತಡೆಯುವ ಇಕ್ಸೆಕಿಜುಮ್ಯಾಬ್ ಬಗ್ಗೆ 2020ರಲ್ಲಿ ಬಂದ ಮಕ್ಕಳ ಪರೀಕ್ಷೆಯಲ್ಲಿ ಅದೇ ಲೆಕ್ಕ ನೂರಕ್ಕೆ 89 ಮತ್ತು 25. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ 2013ರಲ್ಲಿ ಇಟೋಲಿಜುಮ್ಯಾಬ್ ಎಂಬ ಸೋರಿಯಾಸಿಸ್ ಮದ್ದನ್ನು ಹೊರತಂದಿತು, ಅದು ವಯಸ್ಕರಿಗೆ. ನಮ್ಮ ಮಗುವಿಗೆ ವೈದ್ಯೆ ಸೂಚಿಸಿದ್ದು ಟಿಎನ್‌ಎಫ್ ತಡೆಯುವ ಅಡಾಲಿಮುಮ್ಯಾಬ್. ಇದರ ಮೂಲ ಮದ್ದು ಬಲು ದುಬಾರಿ. 2014ರ ಕೊನೆಯಲ್ಲಿ ಗುಜರಾತಿನ ಝೈಡಸ್ ಸಂಸ್ಥೆ ಅದರ ಸಮಾನರೂಪವನ್ನು ಜಗತ್ತಿನಲ್ಲೇ ಮೊದಲಿಗೆ ಮಾರುಕಟ್ಟೆಗೆ ತಂದ ಮೇಲೆ ನಮ್ಮಂಥವರ ಮನೆಗಳಲ್ಲಿ ಅದರ ಮಾತೆತ್ತುವುದು ಸಾಧ್ಯವಾಯಿತು. ಹಾಗೆಂದು ಅಗ್ಗವೇನಲ್ಲ. ಮಗನ ಸಂಬಳ, ನನ್ನ ಪಿಂಚಣಿ ಎರಡನ್ನೂ ಮುಂದಿಟ್ಟುಕೊಂಡು ಒಂದು ಸಂಜೆ ಲೆಕ್ಕ ಹಾಕಿದೆವು.

ನನ್ನ ಧರ್ಮಪತ್ನಿಯ ಪ್ರಶ್ನೆ ಬೇರೆಯದೇ ಇತ್ತು. "ಪ್ರಾಣಿಯಿಂದ ಮಾಡುತ್ತಾರಂತೆ, ನಿಜವೇ?" ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ನೆರೆಯವರೊಬ್ಬರು ಬಂದು ವಿವರಿಸಿದರು. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಸಣ್ಣ ಪ್ರಾಣಿಯ ಅಂಡಾಶಯದಿಂದ 1950ರ ದಶಕದಲ್ಲಿ ತೆಗೆದ ಜೀವಕೋಶಗಳ ಸಂತತಿಯನ್ನೇ ಅಂದಿನಿಂದ ಇಂದಿನವರೆಗೆ ಪ್ರಯೋಗಾಲಯಗಳಲ್ಲಿ ಬೆಳೆಸುತ್ತ ಬಂದಿದ್ದಾರೆ. ಆ ಕೋಶಗಳು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಈ ಪ್ರೋಟೀನನ್ನು ಸ್ರವಿಸುತ್ತವೆ, ಅದನ್ನು ಶುದ್ಧಿ ಮಾಡಿ ಸಿರಿಂಜಿಗೆ ತುಂಬುತ್ತಾರೆ, ಪ್ರತಿ ಸಲ ಪ್ರಾಣಿಯನ್ನು ಕೊಲ್ಲುವುದಿಲ್ಲ ಎಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಒಂದು ಜೀವ ಇನ್ನೂ ಎಷ್ಟು ಮಕ್ಕಳನ್ನು ಸಾಕುತ್ತಿದೆಯೋ, ಕೊಡಿಸಿ" ಎಂದಳು. ಶಾಸ್ತ್ರಾರ್ಥಕ್ಕೆಂದು ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳೆಲ್ಲ ವ್ಯರ್ಥವಾದವು.

ಮದ್ದು ಆರಂಭಿಸುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ನಮ್ಮ ದೇಶದಲ್ಲಿ ಕ್ಷಯದ ರೋಗಾಣು ಎಷ್ಟೋ ಜನರ ಮೈಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಟಿಎನ್‌ಎಫ್ ತಡೆದಾಗ ಅದು ಏಳುವ ಅಪಾಯವಿದೆ. ಮಗುವಿನ ಕೈಗೆ ಮ್ಯಾಂಟೋ ಚುಚ್ಚಿದರು, ಎದೆಯ ಎಕ್ಸ್-ರೇ ತೆಗೆದರು, ರಕ್ತ ಪರೀಕ್ಷಿಸಿದರು. ಮನೆಯಲ್ಲಿ ಕೆಮ್ಮುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು; ನನ್ನ ಎಕ್ಸ್-ರೇ ಕೂಡ ಆಯಿತು. ಚಿಕನ್‌ಪಾಕ್ಸ್ ಎಂದು ಜನ ಹೇಳುವ ಸೀತಾಳೆಸಿಡುಬು, ದಡಾರಗಳ ಲಸಿಕೆಗಳು ಜೀವಂತ ರೋಗಾಣುವಿನಿಂದಾದವು, ಮದ್ದು ನಡೆಯುವಾಗ ಅವನ್ನು ಹಾಕಿಸುವಂತಿಲ್ಲ ಎಂದು ಬಾಕಿಯಿದ್ದುದನ್ನು ಮೊದಲೇ ಮುಗಿಸಿದರು. 2019ರ ಫೆಬ್ರವರಿಯಲ್ಲಿ ಮೊದಲ ಚುಚ್ಚುಮದ್ದು. ತೂಕ 26 ಕಿಲೋ ಇದ್ದುದರಿಂದ 20 ಮಿಲಿಗ್ರಾಮಿನ ಪ್ರಮಾಣ, ಎರಡು ವಾರಕ್ಕೊಮ್ಮೆ. ಯುಗಾದಿಯ ವೇಳೆಗೆ ಹೊಟ್ಟು ಉದುರುವುದು ನಿಂತಿತು. ಆ ಬೇಸಿಗೆಯಲ್ಲಿ ಮೂರು ವರ್ಷಗಳ ಅನಂತರ ಅವಳು ಅರ್ಧ ತೋಳಿನ ಅಂಗಿ ತೊಟ್ಟು ಊರಿನ ಜಾತ್ರೆಗೆ ಬಂದಳು. ಮದ್ದಿನ ಪೆಟ್ಟಿಗೆಯನ್ನು ಐಸ್ ತುಂಬಿದ ಬುತ್ತಿಯಲ್ಲಿಟ್ಟು ನಾನೇ ಮಡಿಲಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಕುಳಿತಿದ್ದೆ.

ಈಗ ನನ್ನ ತಪ್ಪಿನ ವಿಷಯ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಿತು. ಮಗನ ಸಂಬಳ ಕಡಿತವಾಯಿತು. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮದ್ದು ಪಡೆಯುವವರಿಗೆ ಕೋವಿಡ್ ಅಪಾಯಕಾರಿ ಎಂಬ ಮಾತು ಎಲ್ಲೆಡೆ ಹಬ್ಬಿತ್ತು. ಮಗುವಿನ ಮೈ ಹಾಲಿನಂತೆ ನಿರ್ಮಲವಾಗಿತ್ತು. "ಗಾಯ ಮಾಯ್ದ ಮೇಲೂ ಪಟ್ಟಿ ಕಟ್ಟುವರೇ? ನಿಲ್ಲಿಸಿಬಿಡಿ, ಬಂದರೆ ಮತ್ತೆ ಶುರು ಮಾಡಿದರಾಯಿತು" ಎಂದೆ. ಸೊಸೆ, "ಮಾವ, ಡಾಕ್ಟರಿಗೆ ಒಂದು ಸಲ ಫೋನ್ ಮಾಡಿ ಕೇಳೋಣವಾ?" ಎಂದು ಮೆಲ್ಲಗೆ ಕೇಳಿದಳು. "ಅವರಿಗೆ ಈಗ ಸಾವಿರ ತಾಪತ್ರಯ, ಅವರನ್ನು ಯಾಕೆ ಕಾಡುತ್ತೀರಿ" ಎಂದು ನಾನೇ ತಡೆದೆ. ನನ್ನ ಮಾತಿಗೆ ಮನೆಯಲ್ಲಿ ಯಾರೂ ಎದುರಾಡುವ ರೂಢಿಯಿಲ್ಲ. ಏಪ್ರಿಲ್‌ನಿಂದ ಚುಚ್ಚುಮದ್ದು ನಿಂತಿತು.

ದೀಪಾವಳಿಯ ಹೊತ್ತಿಗೆ ನೆತ್ತಿಯಲ್ಲಿ ಹೊಟ್ಟು ಕಂಡಿತು. ಡಿಸೆಂಬರಿನಲ್ಲಿ ಹಣೆಯ ಅಂಚು, ಕಿವಿಯ ಹಿಂಬದಿ, ಮೊಣಕೈ. ಆನ್‌ಲೈನ್ ತರಗತಿಯಲ್ಲಿ ಅವಳು ಕ್ಯಾಮೆರಾ ಆರಿಸಿ ಕೂರತೊಡಗಿದಳು. ಹಾಜರಿ ಕರೆದಾಗ ದನಿ ಮಾತ್ರ ಹೋಗುತ್ತಿತ್ತು, ಮುಖ ತೋರಿಸುತ್ತಿರಲಿಲ್ಲ. 2021ರ ಜನವರಿಯಲ್ಲಿ ತಲೆ ತಗ್ಗಿಸಿಕೊಂಡು ವೈದ್ಯೆಯ ಬಳಿಗೆ ಹೋಗಿ ಅದೇ ಮದ್ದನ್ನು ಮತ್ತೆ ಆರಂಭಿಸಿದೆವು. ಈ ಸಲ ಅದು ಮೊದಲಿನಂತೆ ಹಿಡಿಯಲಿಲ್ಲ. ಎರಡು ತಿಂಗಳು ಕಳೆದರೂ ಅರ್ಧಕ್ಕಿಂತ ಹೆಚ್ಚು ಇಳಿಯಲಿಲ್ಲ.

ವೈದ್ಯೆ ಗದರಲಿಲ್ಲ. "ನಿಲ್ಲಿಸಿದ್ದರಿಂದಲೇ ಹೀಗಾಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ ಮೇಷ್ಟ್ರೇ. ಒಂದು ದಿನವೂ ತಪ್ಪಿಸದವರಲ್ಲೂ ಹಿಡಿತ ಸಡಿಲವಾಗುವುದುಂಟು. ಆದರೆ ಬಿಟ್ಟು ಬಿಟ್ಟು ಕೊಟ್ಟಾಗ ದೇಹವು ಮದ್ದನ್ನೇ ಪರಕೀಯವೆಂದು ತಿಳಿದು ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳುವ ಸಂಭವ ಹೆಚ್ಚು. ಒಂದು ಫೋನು ಮಾಡಿದ್ದರೆ ಬೇರೆ ದಾರಿ ಹುಡುಕಬಹುದಿತ್ತು" ಎಂದರು. ಈ ಮಾತು ನನ್ನನ್ನು ದೋಷಿಯೆನ್ನಲೂ ಇಲ್ಲ, ಬಿಡುಗಡೆ ಮಾಡಲೂ ಇಲ್ಲ. ಇಂದಿಗೂ ಹಾಗೆಯೇ ಇದೆ.

ಬೇರೆ ಮದ್ದಿಗೆ ಹೋಗೋಣವೆಂದು ನಾವು ಆತುರಪಟ್ಟೆವು. ಅವರು ಆತುರಪಡಲಿಲ್ಲ. ಇಲ್ಲಿಂದ ಮುಂದಿನದನ್ನು, ಆ ಸೊಸೆಯಂತೆ ಚಿಂತೆಯಲ್ಲಿರುವ ತಾಯಿತಂದೆಗಳು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ಅವರು ಮೊದಲು ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಎರಡು ವರ್ಷಗಳಲ್ಲಿ 26 ಕಿಲೋ ಹೋಗಿ 34 ಆಗಿತ್ತು. ಈ ಮದ್ದಿನಲ್ಲಿ 30 ಕಿಲೋ ದಾಟಿದ ಮಗುವಿಗೆ ಪ್ರಮಾಣ ಇಮ್ಮಡಿ, 40 ಮಿಲಿಗ್ರಾಂ. ಮನೆಯಲ್ಲಿ ಉಳಿದಿದ್ದ ಹಳೆಯ ಸಿರಿಂಜುಗಳನ್ನೇ ಮೊದಲು ಬಳಸಿದ್ದೆವು. ದೊಡ್ಡವರಲ್ಲಿ ಈ ಪ್ರಶ್ನೆ ಅಷ್ಟಾಗಿ ಹುಟ್ಟುವುದಿಲ್ಲ. ಮಗು ಬೆಳೆಯುತ್ತದೆ, ಮದ್ದು ತಾನಾಗಿ ಬೆಳೆಯುವುದಿಲ್ಲ. ಆಮೇಲೆ, ಮದ್ದನ್ನು ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದರು. ಫ್ರಿಜ್ಜಿನಲ್ಲಿ ಎಂದೆವು. ಫ್ರಿಜ್ಜಿನಲ್ಲಿ ಎಲ್ಲಿ? ಮಂಜುಗಡ್ಡೆಯ ತಟ್ಟೆಯ ಕೆಳಗೆ, ತಣ್ಣಗಿರಲೆಂದು! 2ರಿಂದ 8 ಡಿಗ್ರಿಯ ನಡುವೆ ಇರಬೇಕಾದ ಮದ್ದು ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ನಮ್ಮದು ಹೆಪ್ಪುಗಟ್ಟಿತ್ತೋ ಇಲ್ಲವೋ ಬಲ್ಲವರಾರು? ಪೆಟ್ಟಿಗೆ ನಡುವಿನ ಹಲಗೆಗೆ ಬಂದಿತು. ಗಂಟಲಿನಲ್ಲಿ ಹೊಸ ಸೋಂಕಿದೆಯೇ ಎಂದೂ ನೋಡಿದರು. ಇಷ್ಟಾದ ಮೇಲೆ ಸರಿಯಾದ ಪ್ರಮಾಣದಲ್ಲಿ ಹದಿನಾರು ವಾರ ಕೊಟ್ಟು ನೋಡೋಣವೆಂದರು. "ನಿಮ್ಮ ಮೊಮ್ಮಗಳ ಮುಂದೆ ದೀರ್ಘವಾದ ಬಾಳಿದೆ. ಬತ್ತಳಿಕೆಯಲ್ಲಿರುವ ಬಾಣಗಳು ಎಣಿಕೆಯವು. ಸರಿಯಾಗಿ ಹೂಡಿ ನೋಡದೆ ಒಂದನ್ನೂ ಬಿಸಾಡಬಾರದು" ಎಂಬುದು ಅವರ ವಾದ. ಅದೇ ಉಸಿರಿನಲ್ಲಿ, "ಹಾಗೆಂದು ಹಿಡಿಯದ ಮದ್ದಿಗೆ ಜೋತುಬಿದ್ದು ಮಗುವಿನ ಒಂದು ಇಡೀ ಶಾಲಾವರ್ಷ ಕಳೆಯುವುದೂ ಸಲ್ಲದು" ಎಂದರು.

ಹದಿನಾರು ವಾರ ಮುಗಿಯಿತು. ಸುಧಾರಣೆ ಸ್ವಲ್ಪ ಹೆಚ್ಚಿತು, ಸಾಕೆನ್ನುವಷ್ಟಲ್ಲ. ಜೊತೆಗೆ ಬೆಳಿಗ್ಗೆ ಎದ್ದಾಗ ಬಲಗೈಯ ಎರಡು ಬೆರಳುಗಳ ಗಂಟು ಊದಿ ಬಿಗಿಯುತ್ತಿತ್ತು. ಈ ರೋಗ ಕೆಲವರಲ್ಲಿ ಕೀಲುಗಳಿಗೂ ಇಳಿಯುತ್ತದೆ. ಆಗ ಬದಲಾವಣೆಯ ಮಾತು ನಿಜವಾಗಿ ಬಂದಿತು. ಬದಲಿಸುವುದೆಂದರೆ ಒಂದೇ ಬಗೆಯಲ್ಲವೆಂದು ನನಗೆ ತಿಳಿದದ್ದು ಆ ದಿನ. ಮದ್ದು ಆರಂಭದಲ್ಲಿ ಚೆನ್ನಾಗಿ ಹಿಡಿದು ಆಮೇಲೆ ಸಡಿಲವಾಯಿತೆಂದರೆ ಅದೇ ದೂತನನ್ನು ತಡೆಯುವ ಬೇರೊಂದು ಮದ್ದು ಫಲಿಸಬಹುದು. ಮೊದಲಿನಿಂದಲೂ ಹಿಡಿಯಲೇ ಇಲ್ಲವೆಂದರೆ ಬೇರೆ ದೂತನ ಕಡೆಗೆ ಗುರಿ ತಿರುಗಿಸುವುದು ಲೇಸು. ಕೆಲವು ಮಕ್ಕಳಲ್ಲಿ ಮದ್ದೇ ತೊಂದರೆ ಕೊಡುತ್ತದೆ. ಟಿಎನ್‌ಎಫ್ ತಡೆಯುವ ಮದ್ದನ್ನು ಕರುಳಿನ ಅಥವಾ ಕೀಲಿನ ರೋಗಕ್ಕೆಂದು ಪಡೆಯುವ ಮಕ್ಕಳಲ್ಲಿ ಕೆಲವರಿಗೆ ಅದರಿಂದಲೇ ಸೋರಿಯಾಸಿಸ್ ಹುಟ್ಟುವುದೂ ಉಂಟಂತೆ, ಎಂಥ ವಿಪರ್ಯಾಸ! ಇನ್ನು ಹಣ ಸಾಲದೆ, ಅಥವಾ ಮದ್ದು ಸಿಗದೆ ಬದಲಿಸುವವರೂ ಇದ್ದಾರೆ. ಅದನ್ನು ಮುಚ್ಚಿಟ್ಟು ಮದ್ದು ಹಿಡಿಯಲಿಲ್ಲವೆಂದು ವೈದ್ಯರಿಗೆ ಸುಳ್ಳು ಹೇಳಿದರೆ ಮುಂದಿನ ಆಯ್ಕೆ ದಾರಿ ತಪ್ಪುತ್ತದೆ. ಹಣದ ವಿಷಯ ಹೇಳಿಕೊಳ್ಳಲು ನಮ್ಮ ಜನ ನಾಚುತ್ತಾರೆ. ನಾಚಬಾರದು.

ಆ ದಿನ ವೈದ್ಯೆ, ಮಗ, ಸೊಸೆ, ನಾನು ನಾಲ್ವರೂ ಮಾತಾಡುತ್ತಿದ್ದೆವು. ಹನ್ನೊಂದು ವರ್ಷದ ಮಗು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿತ್ತು. ಇದ್ದಕ್ಕಿದ್ದಂತೆ, "ಅಜ್ಜ, ಚುಚ್ಚಿಸಿಕೊಳ್ಳೋಳು ನಾನು. ನನ್ನ ಯಾರೂ ಕೇಳಲೇ ಇಲ್ಲ" ಎಂದಿತು. ಕೋಣೆಯಲ್ಲಿ ಒಂದು ಕ್ಷಣ ಮೌನ. ವೈದ್ಯೆ ತಮ್ಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು, "ಕೇಳು, ಏನು ಬೇಕಾದರೂ ಕೇಳು" ಎಂದರು. ಅವಳು ಕೇಳಿದ್ದು ಒಂದೇ: ವರ್ಷಕ್ಕೆ ಎಷ್ಟು ಚುಚ್ಚು? ನಮ್ಮಲ್ಲಿ ಯಾರಿಗೂ ಹೊಳೆಯದ ಲೆಕ್ಕ ಅದು. ಹಳೆಯ ಮದ್ದಿನಲ್ಲಿ ವರ್ಷಕ್ಕೆ 26. ಐಎಲ್-12, ಐಎಲ್-23ಗಳನ್ನು ತಡೆಯುವ ಉಸ್ಟೆಕಿನುಮ್ಯಾಬ್ ಆದರೆ ಮೊದಲ ಎರಡರ ಅನಂತರ ಹನ್ನೆರಡು ವಾರಕ್ಕೊಂದು. ಐಎಲ್-17 ತಡೆಯುವ ಸೆಕುಕಿನುಮ್ಯಾಬ್ ಆದರೆ ಮೊದಲು ವಾರಕ್ಕೊಂದರಂತೆ ಐದು, ಆಮೇಲೆ ನಾಲ್ಕು ವಾರಕ್ಕೊಂದು. ಅವಳ ಕಣ್ಣು ಸಹಜವಾಗಿಯೇ ಹನ್ನೆರಡು ವಾರದ್ದರ ಮೇಲೆ ಹೋಯಿತು. ಬೆರಳ ಗಂಟುಗಳ ಊತಕ್ಕೆ ಎರಡನೆಯದೇ ಹೆಚ್ಚು ಅನುಕೂಲವೆಂದು ವೈದ್ಯೆ ಅವಳ ಕೈ ಹಿಡಿದು ಗಂಟುಗಳನ್ನು ತೋರಿಸಿ ಹೇಳಿದರು. ಅವಳು ಬೆರಳು ಮಡಿಸಿ ಎಣಿಸಿ, "ಎರಡನೇ ವರ್ಷದಿಂದ ಹದಿಮೂರೇ ತಾನೇ? ಆಗಲಿ" ಎಂದಳು. ಮದ್ದನ್ನು ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ಹೊರಗಿಡಬೇಕು, ತಣ್ಣಗಿದ್ದರೆ ಉರಿಯುತ್ತದೆ, ಅಮ್ಮ ಚುಚ್ಚಲಿ, ಅಪ್ಪನ ಕೈ ನಡುಗುತ್ತದೆ ಎಂಬ ಕರಾರುಗಳನ್ನೂ ಹಾಕಿದಳು.

ಆ ಮದ್ದಿಗೆ ಆರು ವರ್ಷ ಮೀರಿದ ಮಕ್ಕಳಲ್ಲಿ ಬಳಸಲು ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ದೊರೆತಿತ್ತು. ಹೊಸದೆಂಬುದನ್ನು ವೈದ್ಯೆ ಮುಚ್ಚಿಡಲಿಲ್ಲ. ಬಾಯಲ್ಲಿ ಬಿಳಿ ಅಗ್ರ ಬರಬಹುದು, ಕರುಳಿನ ಉರಿಯೂತದ ರೋಗ ವಂಶದಲ್ಲಿ ಯಾರಿಗಾದರೂ ಇದ್ದರೆ ಹೇಳಬೇಕು ಎಂದು ವಿಚಾರಿಸಿ, ಕ್ಷಯದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ತಿಳಿಸಿ ಹೇಳಿ ಸಹಿ ಪಡೆದರು. ಸಹಿಯ ಕೆಳಗೆ ಮಗುವೂ ತನ್ನ ಹೆಸರು ಬರೆಯಿತು. ಬರೆಯಲೇಬೇಕೆಂಬ ನಿಯಮವಿತ್ತೋ ಇಲ್ಲವೋ ನಾನು ಕೇಳಲಿಲ್ಲ, ನೋಡಲು ಚೆನ್ನಾಗಿತ್ತು.

2021ರ ಶ್ರಾವಣದಲ್ಲಿ ಹೊಸ ಮದ್ದು ಆರಂಭವಾಯಿತು. ಮೂರನೆಯ ವಾರದಲ್ಲಿ ಬೆರಳ ಬಿಗಿತ ಸಡಿಲಿತು, ಮೂರು ತಿಂಗಳಿಗೆ ಮೊಣಕೈ ತಿಳಿಯಾಯಿತು. ಉಗುರುಗಳು ಮಾತ್ರ ಒಂದು ವರ್ಷ ಹಿಡಿದವು. ಕಿವಿಯ ಹಿಂದಿನ ಒಂದು ಬಿಲ್ಲೆಯಗಲದ ಪಟ್ಟೆ ಇಂದಿಗೂ ಬಂದು ಹೋಗುತ್ತದೆ. ಅದಕ್ಕೆ ಮುಲಾಮು ಸಾಕು. ಅವಳಿಗೀಗ ಹದಿನೈದು. ಕಳೆದ ವರ್ಷ ಮತ್ತೆ ಹೊಟ್ಟು ಕಂಡಾಗ ಮನೆಯಲ್ಲಿ ನಾನೊಬ್ಬನೇ ಗಾಬರಿಯಾದೆ. ಅವಳು ನೇರವಾಗಿ ತಕ್ಕಡಿಯ ಮೇಲೆ ನಿಂತಳು: 51 ಕಿಲೋ. ಐವತ್ತು ದಾಟಿತ್ತು, ವೈದ್ಯೆ ಪ್ರಮಾಣವನ್ನು 75ರಿಂದ 150 ಮಿಲಿಗ್ರಾಮಿಗೆ ಏರಿಸಿದರು, ಅಷ್ಟರಲ್ಲೇ ಸರಿಹೋಯಿತು, ಮದ್ದು ಬದಲಾಗಲಿಲ್ಲ. ಚುಚ್ಚಿದ ದಿನಾಂಕ, ತೂಕ, ಗಂಟಲುನೋವು ಬಂದ ದಿನ ಎಲ್ಲವನ್ನೂ ಒಂದು ನೂರು ಪುಟದ ಪುಸ್ತಕದಲ್ಲಿ ಅವಳೇ ಬರೆದಿಡುತ್ತಾಳೆ. ನನ್ನ ಕೆಂಪು ಗುರುತಿನ ಪಂಚಾಂಗಕ್ಕೆ ಈಗ ಕೆಲಸವಿಲ್ಲ.

ಬಸವ ಜಯಂತಿ ಕಳೆದ ವಾರದಲ್ಲೇ, ಜಾರಿಕೊಂಡದ್ದು ಮನಸ್ಸನ್ನು ಕೊರೆಯುತ್ತಿದ್ದುದರಿಂದ, ಮೊಮ್ಮಗಳನ್ನು ಕರೆದುಕೊಂಡು ಭೂಪಸಂದ್ರದಲ್ಲಿರುವ ಆ ಸೊಸೆಯ ಮನೆಗೆ ಹೋದೆ. ಇಲ್ಲಿ ಬರೆದದ್ದನ್ನೆಲ್ಲ ಅವಳಿಗೂ ಅವಳ ಗಂಡನಿಗೂ ಹೇಳಿದೆ. ಒಂಬತ್ತು ವರ್ಷದ ಆ ಹುಡುಗ ಮೊದಲು ಒಳಕೋಣೆಯಿಂದ ಹೊರಗೆ ಬರಲಿಲ್ಲ. ಮೊಮ್ಮಗಳು ತನ್ನ ಪುಸ್ತಕ ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಬಂದು ಫ್ರಿಜ್ಜಿನ ಬಾಗಿಲು ತೆರೆದು ತನ್ನ ಮದ್ದಿನ ಪೆಟ್ಟಿಗೆ ಎಲ್ಲಿದೆಯೆಂದು ಅವಳಿಗೆ ತೋರಿಸಿದ.

ಅವರ ವೈದ್ಯರು ತೂಕ, ತಪ್ಪಿದ ಸರದಿಗಳು ಎಲ್ಲವನ್ನೂ ವಿಚಾರಿಸಿ, ಕೊನೆಗೆ ಮದ್ದನ್ನು ಬದಲಾಯಿಸಿಯೇಬಿಟ್ಟರಂತೆ. ಹೊಸ ಮದ್ದಿನ ಮೊದಲ ದಿನ ಹುಡುಗ ಅಕ್ಕ ಬಂದರೆ ಮಾತ್ರ ಚುಚ್ಚಿಸಿಕೊಳ್ಳುತ್ತೇನೆಂದು ಹಟ ಹಿಡಿದನೆಂದು ಫೋನು ಬಂದಿತು. ಶಾಲೆ ಬಿಟ್ಟವಳು ಮನೆಗೂ ಬಾರದೆ ನೇರವಾಗಿ ಅಲ್ಲಿಗೆ ಹೋದಳು.